ಬೆಂಡಿನ ವಿಮಾನದ ಡೊಂಕು ಬಾಲ

ಕೆಲವರಿಗೆ ಸಿಹಿ ಕಂಡರೆ ಕೈ ತಡೆಯುವುದಿಲ್ಲ, ಕೆಲವರಿಗೆ ಸೀರೆ ಕಂಡರೆ. ನನಗೆ ಡೊಂಕು ಕಂಡರೆ ಕೈ ತಡೆಯುವುದಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರ್ ಒಂದು ಬೆರಳಷ್ಟು ವಾಲಿದ್ದರೂ ಸಾಕು, ಅದು ಯಾರ ಮನೆಯ ಗೋಡೆಯೇ ಆಗಿರಲಿ, ಎದ್ದು ಹೋಗಿ ನೆಟ್ಟಗೆ ಮಾಡಿ ಬಂದ ಮೇಲೆಯೇ ಅವರು ಕೊಟ್ಟ ಕಾಫಿ ನನ್ನ ಗಂಟಲಲ್ಲಿ ಇಳಿಯುವುದು. ಇದಕ್ಕೆ ಸರಿಯಾಗಿ ದೇವರು ನನಗೆ ಕೆಲಸವನ್ನೂ ಅಂಥದ್ದನ್ನೇ ಕೊಟ್ಟ. ಕೋಲ್ಕತ್ತದ ಬಿಬಿಡಿ ಬಾಗ್‌ನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಬೇರೆಯವರು ಬರೆದ ಕರಡು ಪತ್ರಗಳನ್ನು ತಿದ್ದುತ್ತ ನಾನು ಇಪ್ಪತ್ತು ವರ್ಷ ಕಳೆದಿದ್ದೇನೆ. ಅಲ್ಲಿ ಅದಕ್ಕೆ ಸಂಬಳ ಸಿಗುತ್ತದೆ. ಮನೆಯಲ್ಲಿ ಬೈಗುಳ ಸಿಗುತ್ತದೆ.

ಮೈಸೂರಿನವನಾದ ನಾನು ಧಾರವಾಡಕ್ಕೆ ಹೆಣ್ಣು ನೋಡಲು ಹೋದಾಗ, ಹೆಣ್ಣಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅವಳ ಅಜ್ಜನ ಫೋಟೋ. ಅದು ಎಡಕ್ಕೆ ವಾಲಿತ್ತು. ಹಿರಿಯರು ಒಳಗೆ ಹೋದ ಸಮಯ ನೋಡಿ ಮೆಲ್ಲಗೆ ಎದ್ದು ಒಂದಿಷ್ಟು ಸರಿಸಿದೆ. ಮೊಳೆ ಸಮೇತ ಅಜ್ಜ ನನ್ನ ಕೈಗೆ ಬಂದರು. ಅವರನ್ನು ತೊಡೆಯ ಮೇಲೆ ಕೂರಿಸಿಕೊಂಡೇ ನಾನು ಅವಲಕ್ಕಿ ತಿಂದು, ಹುಡುಗಿಯನ್ನು ನೋಡಿ, ಒಪ್ಪಿಗೆ ಎಂದು ತಲೆಯಾಡಿಸಿದ್ದು. ನನ್ನ ಹೆಂಡತಿ ಶೋಭಾ ಈಗಲೂ ಹೇಳುತ್ತಾಳೆ, “ಅವತ್ತ ನನಗ ತಿಳೀಬೇಕಿತ್ತು ನೋಡ್ರಿ. ನಮ್ಮಜ್ಜ ಸತ್ತ ಮ್ಯಾಲೂ ಹೇಳಿದ್ರು, ಈ ಮನಶಾ ಕೈ ಸುಮ್ಮನ ಇಟಗೊಳ್ಳೂದಿಲ್ಲ ಅಂತ.”

ಇಷ್ಟೆಲ್ಲ ಪೀಠಿಕೆ ಹಾಕುತ್ತಿರುವುದು ನನ್ನ ಮಗಳ ವಿಮಾನದ ವಿಷಯ ಹೇಳುವುದಕ್ಕೆ.

ಮಗಳು ಅನನ್ಯ ಒಂಬತ್ತನೆಯ ಕ್ಲಾಸು. ಹುಟ್ಟಿದ್ದು ಬೆಳೆದದ್ದು ಎಲ್ಲ ಕೋಲ್ಕತ್ತದ ಎದುರು ದಡದ ಹೌರಾದಲ್ಲೇ. ಅವಳ ಕನ್ನಡದಲ್ಲಿ ಅಮ್ಮನ ಧಾರವಾಡ, ನನ್ನ ಮೈಸೂರು, ಶಾಲೆಯ ಇಂಗ್ಲಿಷು, ಬಸ್ಸಿನ ಹಿಂದಿ ಎಲ್ಲವೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತಿರುತ್ತವೆ. ಅದನ್ನೂ ಮೊದಮೊದಲು ತಿದ್ದಲು ಹೋಗಿದ್ದೆ. ಅವಳು ನನ್ನೊಂದಿಗೆ ಮಾತಾಡುವುದನ್ನೇ ಕಡಿಮೆ ಮಾಡಿದಳು. ಹೆದರಿ ಬಿಟ್ಟುಬಿಟ್ಟೆ.

ಈ ಸಲ ದುರ್ಗಾಪೂಜೆಯ ರಜೆಗೆ ಮೊದಲು ಅವಳ ಶಾಲೆಗೆ ಒಂದು ಪ್ರಕಟಣೆ ಬಂತು. ಅಲಿಪುರದ ಕಡೆಯ ಒಂದು ಶಾಲೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಗ್ಲೈಡರ್ ಸ್ಪರ್ಧೆ. ಇಬ್ಬರು ಸೇರಿ ಎಂಜಿನ್ ಇಲ್ಲದ ಪುಟ್ಟ ವಿಮಾನ ಮಾಡಬೇಕು, ಸಭಾಂಗಣದೊಳಗೆ ಕೈಯಿಂದ ಎಸೆಯಬೇಕು. ಯಾರದು ಹೆಚ್ಚು ಹೊತ್ತು ಗಾಳಿಯಲ್ಲಿ ನಿಲ್ಲುತ್ತದೋ ಅವರು ಗೆದ್ದಂತೆ. ತಲಾ ಮೂರು ಎಸೆತ, ಅದರಲ್ಲಿ ಒಳ್ಳೆಯದು ಲೆಕ್ಕಕ್ಕೆ. ಕೊನೆಯಲ್ಲಿ ದಪ್ಪಕ್ಷರದಲ್ಲಿ ಒಂದು ನಿಯಮ: ಪೋಷಕರು ಸಹಾಯ ಮಾಡಿದರೆ ತಂಡವನ್ನು ಸ್ಪರ್ಧೆಯಿಂದ ತೆಗೆದುಹಾಕಲಾಗುವುದು. ಅನನ್ಯ ಅದನ್ನು ನನಗೆ ಎರಡು ಸಲ ಓದಿಸಿದಳು.

ಅವಳ ಜೊತೆಗಾರ್ತಿ ಸೋಹಿನಿ, ನಮ್ಮ ಕೆಳಗಿನ ಮನೆಯವರ ಮಗಳು. ಮಾತು ಕಡಿಮೆ, ಬೆರಳು ಬಹಳ ಚುರುಕು. ವಿಮಾನವನ್ನು ಯಾವುದರಲ್ಲಿ ಮಾಡುವುದೆಂದು ಅನನ್ಯ ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಿದ್ದಾಗ, ಅವಳು ಎಲ್ಲಿಂದಲೋ ಶೋಲಾದ ಬಿಳಿ ಹಾಳೆಗಳನ್ನು ತಂದಳು. ಶೋಲಾ ಎಂದರೆ ನಮ್ಮ ಬೆಂಡು. ನಾವು ಅದರಲ್ಲಿ ಬಾಸಿಂಗ ಮಾಡುತ್ತೇವೆ, ಬಂಗಾಳಿಗಳು ಮದುಮಗನ ಕಿರೀಟ ಮಾಡುತ್ತಾರೆ. ಆ ಮದುವೆಯ ಸಾಮಗ್ರಿಯಿಂದ ಈ ಹುಡುಗಿಯರು ರೆಕ್ಕೆ ಕತ್ತರಿಸಿದರು, ಉಪ್ಪುಕಾಗದದಿಂದ ಉಜ್ಜಿ ನಯ ಮಾಡಿದರು, ಬಿದಿರಿನ ಕಡ್ಡಿಯ ಮೇಲೆ ಕೂರಿಸಿದರು, ಮೂತಿಗೆ ಕಡಲೆಯಷ್ಟು ಜೇಡಿಮಣ್ಣು ಮೆತ್ತಿದರು. ಬಾಲಕ್ಕೆ ಮಾತ್ರ ಒಂದು ಪುಟ್ಟ ರಟ್ಟಿನ ಪಟ್ಟಿ. ಮೂರು ವಾರ ಸಂಜೆ ಹೊತ್ತು ಕ್ವಾರ್ಟರ್ಸಿನ ಸಮುದಾಯ ಭವನದಲ್ಲಿ ಎಸೆದದ್ದೇ ಎಸೆದದ್ದು. ನಾನು ಬಾಗಿಲವರೆಗೆ ಹೋದರೆ “ಅಪ್ಪಾ, ಪ್ಲೀಸ್, ನೀನು ಬಾಹರ್ ಇರು” ಎಂಬ ಆಜ್ಞೆ. ಹೊರಗೇ ಇದ್ದೆ. ಅದೇ ಮುಂದೆ ಅನರ್ಥಕ್ಕೆ ಕಾರಣವಾಯಿತು. ಒಳಗೆ ಬಿಟ್ಟಿದ್ದರೆ ನನಗೂ ನಾಲ್ಕು ವಿಷಯ ತಿಳಿದಿರುತ್ತಿತ್ತು.

ಸ್ಪರ್ಧೆಯ ದಿನ ಬೆಳಿಗ್ಗೆ ಸೋಹಿನಿ ನಮ್ಮ ಮನೆಗೆ ಬಂದಳು. ಹುಡುಗಿಯರಿಬ್ಬರೂ ಅಡುಗೆಮನೆಯಲ್ಲಿ ಶೋಭಾಳ ಉಪ್ಪಿಟ್ಟು ತಿನ್ನುತ್ತಿದ್ದರು. ವಿಮಾನ ಹಾಲ್‌ನ ಮೇಜಿನ ಮೇಲೆ, ಸೀರೆಯ ರಟ್ಟಿನ ಡಬ್ಬಿಯೊಳಗೆ. ಸುಮ್ಮನೆ ನೋಡೋಣವೆಂದು ಮುಚ್ಚಳ ತೆಗೆದೆ. ಎಷ್ಟು ಚೆಂದ ಇತ್ತೆಂದರೆ, ಒಂದು ಬಿಳಿ ಹಕ್ಕಿ ನಿದ್ದೆಹೋದ ಹಾಗೆ. ಆದರೆ ಬಾಲದ ರಟ್ಟು ಎಡಕ್ಕೆ ಬಾಗಿತ್ತು. ಅಯ್ಯೋ, ಡಬ್ಬಿಯಲ್ಲಿ ಇಡುವಾಗ ಮಡಚಿಕೊಂಡಿದೆ, ಮಕ್ಕಳು ನೋಡಿಲ್ಲ ಎಂದುಕೊಂಡೆ. ನನ್ನ ಮನಸ್ಸು ನಿಯಮವನ್ನು ನೆನಪಿಸಿತು. ಅಷ್ಟರಲ್ಲಿ ಬೆರಳು ಕೆಲಸ ಮುಗಿಸಿತ್ತು. ನೂಲು ಹಿಡಿದ ಹಾಗೆ ನೆಟ್ಟಗೆ ಮಾಡಿ, ಮುಚ್ಚಳ ಹಾಕಿ, ಪೇಪರ್ ಓದುತ್ತ ಕೂತೆ. ಒಂದು ಉಪಕಾರ ಮಾಡಿ ಹೇಳಿಕೊಳ್ಳದೆ ಇರುವ ದೊಡ್ಡತನವೂ ಆಗ ನನ್ನಲ್ಲಿತ್ತು.

ನಾಲ್ವರೂ ಲಾಂಚ್ ಹತ್ತಿ ಹೂಗ್ಲಿ ನದಿ ದಾಟಿ, ಆಚೆ ದಡದಲ್ಲಿ ಬಸ್ಸು ಹಿಡಿದೆವು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೋಹಿನಿಗೆ ಹೇಗೋ ಒಂದು ಸೀಟು ಸಿಕ್ಕಿತು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಯಾರ ಚೀಲವೂ ತಾಕದಂತೆ ಎರಡು ಕೈ ಅಡ್ಡ ಹಿಡಿದು ಕೂತಿದ್ದಳು.

ಸಭಾಂಗಣದಲ್ಲಿ ಫ್ಯಾನುಗಳನ್ನೆಲ್ಲ ಆರಿಸಿದ್ದರು, ಗಾಳಿ ಅಲುಗಬಾರದಲ್ಲ. ಪೂಜೆ ಮುಗಿದಿದ್ದರೂ ಕೋಲ್ಕತ್ತದ ಸೆಕೆ ಮುಗಿದಿರಲಿಲ್ಲ. ಮೇಲಿನ ಗ್ಯಾಲರಿಯಲ್ಲಿ ತಂದೆತಾಯಿಗಳು ಪ್ರಕಟಣೆಯ ಕಾಗದದಿಂದ ಬೀಸಿಕೊಳ್ಳುತ್ತಿದ್ದರು. ಕೆಳಗೆ ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡ ಭೌತಶಾಸ್ತ್ರದ ಮೇಡಂ ಒಬ್ಬರು ತೀರ್ಪುಗಾರರು. ನಮ್ಮ ಮಕ್ಕಳ ಸರದಿ ಬಂತು. ಅನನ್ಯ ಒಂದು ಕಾಲು ಹಿಂದಿಟ್ಟು, ಮೈ ಬಾಗಿಸಿ ಎಸೆದಳು. ವಿಮಾನ ಚಿಮ್ಮಿ ಮೇಲೇರಿತು. ಮೇಲೇರಿ, ನಾನು ನೆಟ್ಟಗೆ ಮಾಡಿದ ಬಾಲಕ್ಕೆ ಸ್ವಲ್ಪವೂ ದ್ರೋಹ ಮಾಡದೆ, ನೆಟ್ಟಗೆ ಹೋಗಿ ಎದುರು ಗೋಡೆಗೆ ಮೂತಿ ಕುಟ್ಟಿಕೊಂಡು ಬಿತ್ತು. ಮೂರು ಸೆಕೆಂಡು.

ಆಮೇಲೆ ಎಸೆದವರದೆಲ್ಲ ಗಿಡುಗನ ಹಾಗೆ ಸುತ್ತು ಹಾಕುತ್ತ ಇಳಿಯುವುದನ್ನು ನೋಡಿದೆ. ಪಕ್ಕದಲ್ಲಿದ್ದ ಒಬ್ಬ ತಂದೆಯನ್ನು ಕೇಳಿದೆ, ಅದು ಹೇಗೆ ತಿರುಗುತ್ತದೆ ಎಂದು. ಅವರು ಬಹಳ ಸಂತೋಷದಿಂದ ವಿವರಿಸಿದರು: ಬಾಲವನ್ನು ಒಂದು ಕೂದಲಷ್ಟು ಎಡಕ್ಕೋ ಬಲಕ್ಕೋ ಬಗ್ಗಿಸಿರುತ್ತಾರೆ, ಅದನ್ನು ಹದ ಮಾಡುವುದರಲ್ಲೇ ವಾರಗಟ್ಟಲೆ ಹೋಗುತ್ತದೆ, ಇಡೀ ವಿದ್ಯೆ ಇರುವುದೇ ಅಲ್ಲಿ.

ಕೆಳಗೆ ಅನನ್ಯ ಬಾಲವನ್ನು ಸೋಹಿನಿಗೆ ತೋರಿಸಿ ಏನೋ ಕೇಳುತ್ತಿದ್ದಳು. ಸೋಹಿನಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಬಸ್ಸಿನಲ್ಲಿ ತಾನೇ ಒತ್ತಿಬಿಟ್ಟೆನೆಂದು ಅವಳು ಅಳುತ್ತ ಹೇಳುತ್ತಿದ್ದದ್ದು ಗ್ಯಾಲರಿಗೂ ಕೇಳಿಸಿತು. ಅನನ್ಯ ಸಮಾಧಾನ ಮಾಡಲಿಲ್ಲ. ತುಟಿ ಬಿಗಿಹಿಡಿದು ಬೇರೆ ಕಡೆ ನೋಡುತ್ತ ನಿಂತಿದ್ದಳು. ಚಿಕ್ಕಂದಿನಿಂದ ಒಂದೇ ತಟ್ಟೆಯಲ್ಲಿ ತಿಂದು ಬೆಳೆದ ಮಕ್ಕಳು ಅವರು.

ನಾನು ಶೋಭಾಳ ಕಿವಿಯಲ್ಲಿ ವಿಷಯ ಹೇಳಿದೆ. ಅವಳು ಬೀಸಿಕೊಳ್ಳುವುದನ್ನು ನಿಲ್ಲಿಸಿದಳು.

“ಕೆಳಗ ಹೋಗ್ರಿ.”

“ಪೋಷಕರು ಮುಟ್ಟಿದರೆ ಟೀಮನ್ನೇ ತೆಗೆದುಹಾಕ್ತಾರೆ ಕಣೇ. ಇನ್ನೂ ಎರಡು ಎಸೆತ ಇದೆ ಅವಕ್ಕೆ. ಆಮೇಲೆ ಮನೇಲಿ ನಿಧಾನವಾಗಿ ಹೇಳಿದರಾಯ್ತು.”

“ಆ ಕೂಸು ತನ್ನದಲ್ಲದ ತಪ್ಪಿಗೆ ಅಳ್ಳಿಕ್ಕೆ ಹತ್ತ್ಯಾಳ. ನೀವು ಇಲ್ಲಿ ಕೂತು ನಿಯಮ ಓದ್ಲಿಕ್ಕೆ ಹತ್ತೀರಿ. ಹೋಗ್ರಿ.”

ಆ ಗ್ಯಾಲರಿಗೆ ಹದಿನೆಂಟು ಮೆಟ್ಟಿಲು. ಇಳಿದು, ಅಷ್ಟು ಜನ ಮಕ್ಕಳ ನಡುವೆ ಹಾದು, ಮೇಡಂ ಮುಂದೆ ಹೋಗಿ ನಿಂತೆ. ಕಚೇರಿಯ ಇಂಗ್ಲಿಷಿನಲ್ಲಿ ತಪ್ಪೊಪ್ಪಿಗೆಯನ್ನು ಶುರುಮಾಡಿದೆ; ಎರಡನೆಯ ವಾಕ್ಯಕ್ಕೇ ವ್ಯಾಕರಣ ಕೈಕೊಟ್ಟಿತು. ಕೊನೆಗೆ ಹಿಂದಿಯಲ್ಲಿ ಹೇಳಿದೆ, “ಮೇಡಂ, ಬಾಲ ನೆಟ್ಟಗೆ ಮಾಡಿದ್ದು ನಾನು. ಬೆಳಿಗ್ಗೆ. ಮಕ್ಕಳಿಗೆ ಗೊತ್ತಿಲ್ಲ. ಈ ಹುಡುಗಿಯದು ಏನೂ ತಪ್ಪಿಲ್ಲ.”

ಸೋಹಿನಿ ಮುಖದಿಂದ ಕೈ ತೆಗೆದಳು. “ಕಾಕು?” ಎಂದಳು. ಚಿಕ್ಕಪ್ಪ ಎಂದು ನನ್ನನ್ನು ಅವಳು ಕರೆಯುವುದು ಹಾಗೆ. ಅನನ್ಯ ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ಬರೆಯಲಾರೆ.

ಮೇಡಂ ವಿಮಾನವನ್ನು ಕೈಗೆತ್ತಿಕೊಂಡು ಒಂದು ಕಣ್ಣು ಮುಚ್ಚಿ ಬಾಲವನ್ನು ನೋಡಿದರು. ಮುರಿದ ಮೂತಿಯನ್ನು ನೋಡಿದರು. ನಿಯಮದ ಹಾಳೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿ ಗಂಭೀರವಾಗಿ ಹೇಳಿದರು, “ಪೋಷಕರು ಸಹಾಯ ಮಾಡಿದರೆ ತೆಗೆದುಹಾಕಬೇಕು ಅಂತ ಇದೆ. ಇದನ್ನು ಸಹಾಯ ಅಂತ ಹೇಗೆ ಕರೆಯಲಿ?”

ಸುತ್ತ ನಿಂತಿದ್ದ ಮಕ್ಕಳೆಲ್ಲ ನಕ್ಕರು. ಮೊದಲ ಎಸೆತ ಹೋದದ್ದು ಹೋಯಿತು, ಉಳಿದ ಎರಡು ಎಸೆಯಬಹುದು ಎಂದು ತೀರ್ಪಾಯಿತು. ನಾನು ಗ್ಯಾಲರಿಯ ಕಡೆ ತಿರುಗಿದೆ. ಮೇಡಂ ತಡೆದರು. ನನ್ನನ್ನು ಕರೆದುಕೊಂಡು ಹೋಗಿ ಗೋಡೆಯ ಫ್ಯಾನ್ ಸ್ವಿಚ್ಚುಗಳ ಮುಂದೆ ನಿಲ್ಲಿಸಿ, ಯಾರೂ ಇವನ್ನು ಒತ್ತದಂತೆ ನೋಡಿಕೊಳ್ಳಿ, ನಿಮ್ಮ ಎರಡೂ ಕೈ ಇಲ್ಲೇ ಇರಲಿ ಎಂದರು. ಶರ್ಟಿಗೆ ‘ವಾಲಂಟಿಯರ್’ ಎಂಬ ಚೀಟಿಯನ್ನೂ ಸಿಕ್ಕಿಸಿದರು. ಮುಂದಿನ ಒಂದು ಗಂಟೆ ಬೆವರು ಒರೆಸಿಕೊಳ್ಳುತ್ತ ಬಂದ ಹತ್ತಾರು ತಂದೆತಾಯಿಗಳನ್ನು ನಾನು ಹಿಂದಕ್ಕೆ ಕಳಿಸಿದೆ. ಒಬ್ಬ ತಾತನಂತೂ ನನಗೆ ಕರುಣೆಯೇ ಇಲ್ಲವೆಂದು ಬಂಗಾಳಿಯಲ್ಲಿ ಹೇಳಿ ಹೋದರು.

ಅಲ್ಲಿಂದಲೇ ನೋಡಿದೆ. ಹುಡುಗಿಯರು ನೆಲದ ಮೇಲೆ ಕೂತು ಮೂತಿಗೆ ಅಂಟು ಹಾಕಿದರು. ಬಾಲವನ್ನು ಬಗ್ಗಿಸುವ ಹೊತ್ತಿಗೆ ಅನನ್ಯ ವಿಮಾನವನ್ನು ಸೋಹಿನಿಯ ಕೈಗೆ ಕೊಟ್ಟಳು, ಕೊಟ್ಟು ಅವಳ ಭುಜದ ಮೇಲೆ ತನ್ನ ಗದ್ದ ಇಟ್ಟಳು. ಎರಡನೆಯ ಎಸೆತ ಒಂಬತ್ತು ಸೆಕೆಂಡು. ಸೋಹಿನಿ ಬಾಲವನ್ನು ಮತ್ತೆ ಮುಟ್ಟಿದಳು, ಮುಟ್ಟಿದಳೋ ಇಲ್ಲವೋ ಎನ್ನುವಷ್ಟು. ಮೂರನೆಯದು ಚಾವಣಿಯ ಹತ್ತಿರ ಹೋಗಿ, ಅಲ್ಲಿ ಒಂದು ಕ್ಷಣ ಯೋಚನೆ ಮಾಡುವಂತೆ ನಿಂತು, ಮೆಲ್ಲಗೆ ಎಡಕ್ಕೆ ವಾಲಿ ಸುತ್ತತೊಡಗಿತು. ಒಂದು ಸುತ್ತು, ಎರಡು, ಮೂರು. ಬೆಂಡಿನ ರೆಕ್ಕೆ ಕಿಟಕಿಯ ಬೆಳಕಿಗೆ ಬಂದಾಗ ಹೊಳೆಯುತ್ತಿತ್ತು, ಆಚೆ ಹೋದಾಗ ಆರುತ್ತಿತ್ತು. ಗ್ಯಾಲರಿಯಲ್ಲಿ ಬೀಸಣಿಕೆಯ ಸದ್ದು ನಿಂತುಹೋಯಿತು. ಅದು ಡೊಂಕಾಗಿಯೇ ಇಳಿಯಿತು, ನೆಲ ಮುಟ್ಟುವವರೆಗೂ ಡೊಂಕು. ಅಷ್ಟು ಚೆಂದದ್ದನ್ನು ನಾನು ಇತ್ತೀಚೆಗೆ ನೋಡಿರಲಿಲ್ಲ. ಕಣ್ಣು ಒರೆಸಿಕೊಳ್ಳಬೇಕೆನಿಸಿತು. ಆದರೆ ಕೈ ಎರಡೂ ಸ್ವಿಚ್ಚಿನ ಕಾವಲಿಗಿದ್ದವು.

ಹದಿನಾರು ಸೆಕೆಂಡು, ನಾಲ್ಕನೆಯ ಸ್ಥಾನ. ಬಹುಮಾನ ಮೊದಲ ಮೂರಕ್ಕೆ ಮಾತ್ರ.

ಹಿಂದಿರುಗುವಾಗ ಲಾಂಚಿನಲ್ಲಿ ಶೋಭಾ ಮತ್ತು ಸೋಹಿನಿ ಮುಂದಿನ ಬೆಂಚಿನಲ್ಲಿ ಕೂತು ಖಾರದ ಮಂಡಕ್ಕಿಯ ಝಾಲ್‌ಮುಡಿ ತಿನ್ನುತ್ತಿದ್ದರು. ಶೋಭಾ ಅದನ್ನು ಗಿರ್ಮಿಟ್ಟು ಎಂದೇ ಕರೆಯುವುದು. ಅನನ್ಯ ನನ್ನ ಪಕ್ಕ ಕೂತಿದ್ದಳು. ನಡುಹೊಳೆಗೆ ಬಂದಾಗ ನನ್ನ ಕಡೆ ತಿರುಗಿದಳು.

“ಅಪ್ಪಾ, ನೀನು ನೀಚೆ ಯಾಕೆ ಬಂದೆ? ಕಿಸೀಕೋ ಗೊತ್ತೇ ಆಗ್ತಿರ್ಲಿಲ್ಲ.”

“ಸೋಹಿನಿ ಅಳ್ತಿದ್ಲಲ್ಲ ಮಗಳೇ.”

ಅವಳು ನೀರನ್ನು ನೋಡಿದಳು. “ನಾನು ಅವಳ ಮೇಲೆ ಗುಸ್ಸಾ ಆಗಿದ್ದೆ. ಅದು ನಂಗೆ ಅಚ್ಛಾ ಅನ್ನಿಸ್ತಿಲ್ಲ.”

“ನಂದೇ ತಪ್ಪು.”

“ಹಾಂ, ನಿಂದೇ,” ಎಂದು ತಕ್ಷಣ ಒಪ್ಪಿದಳು. “ನಿನ್ನ ಮೇಲೂ ಗುಸ್ಸಾ ಇದೆ. ಸ್ಟಿಲ್. ಸಂಡೇ ತಕ್ ಇರತ್ತೆ.” ಹಾಗೆನ್ನುತ್ತಲೇ ತನ್ನ ಕಾಗದದ ಪೊಟ್ಟಣವನ್ನು ನನ್ನ ಕಡೆ ವಾಲಿಸಿದಳು. ಅದರಲ್ಲಿದ್ದ ಕೊಬ್ಬರಿ ಚೂರು ನನಗೆ ಇಷ್ಟವೆಂದು ಅವಳಿಗೆ ಗೊತ್ತು. ಎರಡೂ ಚೂರನ್ನು ತಿನ್ನದೆ ಉಳಿಸಿದ್ದಳು.

ಈಗ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಭಾಗವಹಿಸಿದವರಿಗೆಲ್ಲ ಪ್ರಮಾಣಪತ್ರ ಕೊಟ್ಟರು, ಸ್ವಿಚ್ಚು ಕಾದ ನನಗೂ ಒಂದು ಕೊಟ್ಟರು. ಬಂಗಾಳಿಯಲ್ಲಿ ‘ವ’ಕಾರದ ಉಚ್ಚಾರ ಇಲ್ಲದ ಕಾರಣ, ವೆಂಕಟೇಶನಾದ ನಾನು ಅದರಲ್ಲಿ ‘ಭೆಂಕಟೇಶ್’ ಆಗಿದ್ದೇನೆ. ಅನನ್ಯ ಅದನ್ನು ತನ್ನದರ ಪಕ್ಕದಲ್ಲಿ ಗೋಡೆಗೆ ಅಂಟಿಸಿ, ನನ್ನ ಮುಖವನ್ನೇ ನೋಡುತ್ತ ನಿಂತಳು. ಚೆನ್ನಾಗಿದೆ, ಹಾಗೇ ಇರಲಿ ಎಂದೆ. ನಿಜಕ್ಕೂ ಇರಲಿ ಎಂದೇ ಇದ್ದೆ. ಎರಡು ದಿನ ಇದ್ದೆ. ಮೂರನೆಯ ದಿನ ಮನೆಯಲ್ಲಿ ಯಾರೂ ಇಲ್ಲದಾಗ ತಿದ್ದಿದೆ. ಆದರೆ ಪೆನ್ಸಿಲಿನಲ್ಲಿ.