ಕಾಕಾನ ಏಕಾದಶಿ ಮತ್ತು ಎಕ್ಸ್‌ಪ್ರೆಸ್ ಬಸ್ಸು

ಚಳವಳಿ ಮಾಡಿ ಜೈಲಿಗೆ ಹೋಗಿ ಬಂದವರು ಆ ಕಥೆಯನ್ನು ಎದೆ ಉಬ್ಬಿಸಿ ಹೇಳುತ್ತಾರೆ. ನಾವು ಕಮಲಾಪುರದವರು ಮಾತ್ರ ಹೇಳಲು ಕೂತರೆ ಅರ್ಧಕ್ಕೇ ನಗು ಬಂದುಬಿಡುತ್ತದೆ. ನಾವು ಗಂಭೀರವಾಗಿ ಏನು ಮಾಡಹೋದರೂ ಹೀಗೇ ಆಗುತ್ತದೆ.

೧. ಕೊನೆಗೂ ನಿಂತ ಬಸ್ಸು

ಎಂಬತ್ತರ ದಶಕ, ಎಲ್ಲೆಲ್ಲೂ ಚಳವಳಿ. ನಮ್ಮ ಬೇಡಿಕೆ ಒಂದೇ: ಎಕ್ಸ್‌ಪ್ರೆಸ್ ಬಸ್ಸು ಕಮಲಾಪುರದಲ್ಲಿ ನಿಲ್ಲಬೇಕು. ಬಿ.ಎಡ್. ಮುಗಿಸಿ ಖಾಲಿ ಕೂತಿದ್ದ ನಾನೂ ಗುಂಪಿನಲ್ಲಿದ್ದೆ, ಅಪ್ಪನ ತಮ್ಮ, ಪುರೋಹಿತರಾದ ನಮ್ಮ ಕಾಕಾ ಕೂಡ ಇದ್ದರು. ಪೂಜೆ ಮಾಡಿಸಲು ಕಲಬುರಗಿಗೆ ಹೋಗುವ ಅವರಿಗೆ ಬಸ್ಸು ಸಿಗದೆ ಎಷ್ಟೋ ಮುಹೂರ್ತ ತಪ್ಪಿದ್ದವು. ಒಂದು ಭಾನುವಾರ ನಾವು ರಸ್ತೆಗೆ ಇಳಿಯುವ ಮೊದಲೇ ಪೊಲೀಸರು ಇಪ್ಪತ್ತೊಂದು ಜನರನ್ನು ಹಿಡಿದರು. ಅವರ ಜೀಪಿನಲ್ಲಿ ಆರು ಜನಕ್ಕೂ ಜಾಗವಿರಲಿಲ್ಲ. ಇನ್ಸ್‌ಪೆಕ್ಟರು ಬೀದರ್ ಕಡೆಯಿಂದ ಖಾಲಿಯಾಗಿ ಬಂದ ಎಕ್ಸ್‌ಪ್ರೆಸ್ಸಿಗೆ ಕೈ ಅಡ್ಡ ಹಿಡಿದರು.

ಬಸ್ಸು ನಿಂತಿತು. ನಾವು ಚಪ್ಪಾಳೆ ತಟ್ಟುತ್ತ ಹತ್ತಿ ಕಲಬುರಗಿ ಜೈಲಿಗೆ ಹೊರಟೆವು.

೨. ಹಲ್ಲುನೋವಿನವನು

ಮಹಾಗಾಂವದ ಹತ್ತಿರ ಬಸ್ಸು ನಿಧಾನವಾದಾಗ, ಕೆನ್ನೆಗೆ ಟವೆಲ್ ಕಟ್ಟಿಕೊಂಡಿದ್ದ ರೈತನೊಬ್ಬ ಹಾರಿ ಹತ್ತಿದ. ಯಾರೂ ಟಿಕೆಟ್ ಕೇಳಲಿಲ್ಲವೆಂದು ಅವನಿಗೆ ಭಾರಿ ಖುಷಿ. ಜೈಲಿನ ಬಾಗಿಲಲ್ಲಿ ತಲೆ ಎಣಿಸಿದರೆ ಇಪ್ಪತ್ತೆರಡು. ತಾನು ದವಾಖಾನೆಗೆ ಹೊರಟವನೆಂದು ಅವನು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಮರುದಿನ ಜೈಲಿನ ಡಾಕ್ಟರು ಅವನ ಹಲ್ಲು ಕಿತ್ತರು. ಅಂದು ಸಂಜೆ ಜೈಲರ್ ಸಾಹೇಬರು ಬಂದು, ತಪ್ಪಾಗಿದೆ, ನೀನು ಮನೆಗೆ ಹೋಗು ಎಂದರು.

"ಬಾಯಿ ಇನ್ನಾ ಬಾತದ್ರೀ ಸಾಹೇಬ್ರ. ನಾಳೆ ಡಾಕ್ಟರು ಮತ್ತ ನೋಡ್ತೇನಂದಾರ, ತೋರಿಸ್ಕೊಂಡೇ ಹೋಗ್ತೇನಿ," ಎಂದು ಅವನು ಗೋಡೆ ಕಡೆ ಹೊರಳಿ ಮಲಗಿದ.

೩. ಇಪ್ಪತ್ತೆರಡು ತಾಟು

ನನಗೆ ನಗು ಬರುತ್ತಿರಲಿಲ್ಲ. ಬುಧವಾರ ಹನ್ನೊಂದು ಗಂಟೆಗೆ ಕಲಬುರಗಿಯಲ್ಲೇ ಮಾಸ್ತರಿಕೆಯ ಸಂದರ್ಶನ ಇತ್ತು. ಎರಡು ವರ್ಷ ಕಾದು ಬಂದ ಕರೆ. ಅದು ತಪ್ಪಿದರೆ ಮತ್ತೆ ಯಾವಾಗಲೋ.

ಮಂಗಳವಾರ ಏಕಾದಶಿ. ಕಾಕಾ ಅಂದು ಹನಿ ನೀರೂ ಮುಟ್ಟುವವರಲ್ಲ. ಊಟದ ತಾಟು ಬಂತು, ಅವರು ಕಣ್ಣು ಮುಚ್ಚಿ ಜಪಕ್ಕೆ ಕೂತರು. ಹಿರಿಯರು ಉಣ್ಣದೆ ನಾವು ಹೆಂಗ ಉಣ್ಣೂದು ಎಂದು ಜೊತೆಗಿದ್ದವರೆಲ್ಲ ತಾಟು ಸರಿಸಿದರು, ನಾನೂ ಸರಿಸಿದೆ. ಹಲ್ಲುನೋವಿನವನು ಹೇಗೂ ಉಣ್ಣುವಂತಿರಲಿಲ್ಲ. ಇಪ್ಪತ್ತೆರಡು ತುಂಬಿದ ತಾಟು ಕಂಡು ಜೈಲರ್ ಸಾಹೇಬರ ಮುಖ ಬಿಳಚಿಕೊಂಡಿತು. ಇದು ಆಮರಣ ಉಪವಾಸವೇ ಎಂದು ಅವರು ತೀರ್ಮಾನಿಸಿದರು. ಏಕಾದಶಿ ಎಂದು ನಾನು ಹೇಳಿದರೆ, ಎಲ್ಲರಿಗೂ ಒಂದೇ ದಿನ ಭಕ್ತಿ ಬಂತೇನು ಎಂದು ನನಗೇ ಗದರಿದರು.

ಇನ್ನು ಬುಧವಾರದೊಳಗೆ ನಮ್ಮನ್ನು ಬಿಡುವುದಿಲ್ಲ ಎನಿಸಿತು. ಒಂದು ಬಾಳೆಹಣ್ಣಾದರೂ ತಿನ್ನಿರೆಂದು ಕಾಕಾನ ಕಾಲು ಹಿಡಿದೆ. ಅವರು ಜಪಮಣಿಯನ್ನೇ ನನ್ನ ಕಡೆ ಆಡಿಸಿ ಸುಮ್ಮನಿರು ಎಂದರು. ಅವರ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ.

ಬುಧವಾರ ಬೆಳಗಾಗುತ್ತಲೇ ಇಬ್ಬರು ಅಧಿಕಾರಿಗಳು ಓಡಿಬಂದರು. ಬಸ್ಸು ನಿಲ್ಲಿಸುತ್ತೇವೆ, ಎಲ್ಲರನ್ನೂ ಬಿಡುತ್ತೇವೆ, ದಯವಿಟ್ಟು ಏನಾದರೂ ತಗೊಳ್ಳಿ ಎಂದು ಕೈ ಮುಗಿದರು. ಅಂದು ದ್ವಾದಶಿ, ಹೇಗೂ ಬೇಗ ಪಾರಣೆ ಮಾಡಿ ಉಪವಾಸ ಬಿಡಬೇಕು. ಕಾಕಾ ಸಂಧ್ಯಾವಂದನೆ ಮುಗಿಸಿ ಅವರ ಕೈಯಿಂದ ಎರಡು ಬಾಳೆಹಣ್ಣು ತಗೊಂಡು ತಿಂದರು. ಅಧಿಕಾರಿಗಳ ಕಣ್ಣಲ್ಲಿ ನೀರು. ನಾನು ಅದೇ ಮಾಸಿದ ಅಂಗಿಯಲ್ಲಿ ಹತ್ತೂವರೆಗೆ ಸಂದರ್ಶನದ ಬಾಗಿಲಲ್ಲಿದ್ದೆ. ಆ ಕೆಲಸ ಸಿಕ್ಕಿತು, ಅದೇ ಅನ್ನ ಇಂದಿಗೂ ಉಣ್ಣುತ್ತಿದ್ದೇನೆ.

ಹದಿನೈದು ದಿನ ಕಳೆಯಿತು. ಅದೇ ಅಧಿಕಾರಿಗಳಲ್ಲಿ ಒಬ್ಬರು ಬೆವರು ಒರೆಸಿಕೊಳ್ಳುತ್ತ ಮನೆಗೆ ಬಂದರು. ಆಚಾರ್ರು ಮತ್ತೆ ಉಪವಾಸ ಕೂತಾರಂತ ಸುದ್ದಿ ಬಂತು, ಈ ಸಲ ಬೇಡಿಕೆ ಏನೆಂದು ಕೇಳಿದರು. ಕಾಕಾ ಜಪದಲ್ಲಿದ್ದರು. ಅವರ ಹೆಂಡತಿ, ನಮ್ಮ ಕಾಕು, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದರು.

"ಈ ಏಕಾದಶಿಗಿ ನಮ್ಮ ಓಣಿಗಿ ನೀರಿನ ನಳ ಬೇಕು, ಬರಕೊಳ್ರಿ. ಮುಂದಿನ ಏಕಾದಶಿಗಿ ಏನು ಬೇಕಂತ ಓಣಿಯವರನ್ನ ಕೇಳಿ ಹೇಳ್ತೇನಿ."