ಅಪ್ಪನ ಆಟದ ಡಬ್ಬಿಗೆ ಹೊಸ ಅಂಚು

ನಾನು ತುಂಬ ವಿನಯದ ಹೆಂಗಸು ಎಂದು ರಾಯದುರ್ಗದಲ್ಲಿ ನಮ್ಮ ಓಣಿಯವರೆಲ್ಲ ಹೇಳುತ್ತಾರೆ. ನಿಜ ಹೇಳಬೇಕೆಂದರೆ ಅದು ಗುಣವಲ್ಲ, ಬೇರೆ ದಾರಿಯಿಲ್ಲದೆ ಬಂದದ್ದು. ನಲವತ್ತೈದು ದಾಟಿದರೂ ಜಂಬ ಕೊಚ್ಚಿಕೊಳ್ಳುವಂಥ ಒಂದು ಕೆಲಸವೂ ನನ್ನ ಕೈಯಿಂದ ಆಗಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಿಷಿನ್ ಹಾಕಿಕೊಂಡು ಜೀನ್ಸ್ ಪ್ಯಾಂಟು ಹೊಲಿಯುತ್ತೇನೆ. ಮನೆಮನೆಗೂ ಮಿಷಿನ್ ಇರುವ ಈ ಊರಲ್ಲಿ ಜೀನ್ಸ್ ಹೊಲಿಯುತ್ತೇನೆಂದು ಜಂಬಪಡುವುದೂ ಒಂದೇ, ಉಸಿರಾಡುತ್ತೇನೆಂದು ಜಂಬಪಡುವುದೂ ಒಂದೇ. ಹೀಗಾಗಿ ವಿನಯವಾಗಿದ್ದೆ. ಕಳೆದ ತಿಂಗಳು ಆ ವಿನಯ ಕೆಟ್ಟುಹೋಯಿತು. ಕೆಡಿಸಿದ್ದು ನಮ್ಮಪ್ಪನ ಆಟದ ಡಬ್ಬಿ.

ಅಪ್ಪನದು ಎನ್ನುವುದೂ ತಪ್ಪೇ. ನಾನು ಮಡಕಶಿರದಲ್ಲಿ ಹೈಸ್ಕೂಲು ಓದುತ್ತಿದ್ದಾಗ ಚಿಕ್ಕಪ್ಪ ಬೆಂಗಳೂರಿನಿಂದ ನನಗೆಂದೇ ತಂದುಕೊಟ್ಟ ವಿಡಿಯೋ ಗೇಮು ಅದು. ಅಂಗೈಗಿಂತ ಸ್ವಲ್ಪ ದೊಡ್ಡದು, ಬೂದಿ ಬಣ್ಣ, ಮೇಲಿಂದ ಇಟ್ಟಿಗೆಗಳು ಬೀಳುತ್ತವೆ, ನಾವು ಸಾಲು ಹೊಂದಿಸಬೇಕು. "ಎಲ್ಲಿ, ಒಂದ್ಸಲ ನೋಡಿ ಕೊಡ್ತೀನಿ" ಎಂದು ಅಪ್ಪ ಇಸಿದುಕೊಂಡರು. ಇನ್ನೂ ನೋಡುತ್ತಿದ್ದಾರೆ. ನನ್ನ ಮದುವೆಯಾಗಿ ನಾನು ರಾಯದುರ್ಗಕ್ಕೆ ಬಂದೆ, ಡಬ್ಬಿ ತವರಲ್ಲೇ ಉಳಿಯಿತು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹಗಲೆಲ್ಲ ಗೂಡು ತೂಗಿ ಬಂದ ಅಪ್ಪ ಸಂಜೆ ಅರ್ಧ ಗಂಟೆ ಇಟ್ಟಿಗೆ ಜೋಡಿಸದೆ ಊಟಕ್ಕೆ ಏಳುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಪುಣ್ಯಕ್ಕೆ ನಡಿಗೆ, ಮಾತು ಬೇಗ ಮರಳಿದವು. ಬಲಗೈ ಬೆರಳುಗಳು ಮಾತ್ರ ಹಟ ಹಿಡಿದವು. ಹಿಂದೂಪುರದ ಡಾಕ್ಟರು ದಿನಾ ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಅಪ್ಪ ಅದನ್ನು ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಸಂದಿಗೆ ಸಿಕ್ಕಿಸಿದರು. ಆದರೆ ಆ ಡಬ್ಬಿಯ ಗುಂಡಿಗಳನ್ನು ಒತ್ತಿ ಒತ್ತಿ ಹೆಬ್ಬೆರಳು ತಾನಾಗಿಯೇ ಪಳಗಿತು. ಲೋಟ ಹಿಡಿದರು, ಅಂಗಿಯ ಗುಂಡಿ ಹಾಕಿಕೊಂಡರು. ಅಷ್ಟರಲ್ಲಿ ಡಬ್ಬಿ ಕೈಕೊಟ್ಟಿತು. ಹಾಡು ಬರುತ್ತದೆ, ಚಿತ್ರ ಬರುವುದಿಲ್ಲ. ಅತ್ತಿಗೆ ಫೋನು ಮಾಡಿ, "ಹದಿನೈದು ದಿನ ಆಯ್ತು ಕಣಮ್ಮ, ಮಾವ ಬಲಗೈನ ಮಡಿಲಲ್ಲಿ ಇಟ್ಕಂಡು ಸುಮ್ಕೆ ಕೂತಿರ್ತಾರೆ. ಅಂಗಿ ಗುಂಡಿ ಮತ್ತೆ ನಾವೇ ಹಾಕ್ಬೇಕು" ಎಂದರು. ಫೋನಲ್ಲಿ ಅದೇ ಆಟ ಹಾಕಿಕೊಟ್ಟರೆ, "ಗಾಜು ಸವರೋದು ಒಂದು ಆಟನಾ" ಎಂದು ಕೆಳಗಿಟ್ಟರಂತೆ.

ಬಸ್ಸು ಹತ್ತಿ ಹೋಗಿ ಡಬ್ಬಿಯನ್ನು ರಾಯದುರ್ಗಕ್ಕೆ ತಂದೆ. ಮೊಬೈಲ್ ರಿಪೇರಿ ಅಂಗಡಿಯವನು ಅದನ್ನು ತಿರುಗಿಸಿ ನೋಡಿ, "ಇದರ ಕಥಿ ಅಯಿಪೋಯಿಂದ್ರಿ ಅಕ್ಕಾರ, ಸಾಮಾನು ಸಿಗಂಗಿಲ್ಲ" ಎಂದು ತೆಲುಗು ಕನ್ನಡ ಎರಡರಲ್ಲೂ ಒಟ್ಟಿಗೇ ಕೈ ತೊಳೆದುಕೊಂಡ. ಆದರೂ ಒಳ್ಳೆಯವನು. ಮುಚ್ಚಳ ಬಿಚ್ಚಿ ಕಾಯಿಲೆ ತೋರಿಸಿದ. ಎರಡು ಸರ್ಕ್ಯೂಟ್ ಹಲಗೆಗಳ ನಡುವೆ ಚಪ್ಪಟೆಯಾದ ಒಂದು ಪಟ್ಟಿ, ಅದಕ್ಕೆ ರಿಬ್ಬನ್ ಕೇಬಲ್ ಎನ್ನುತ್ತಾರಂತೆ. ನಾನು ಕಂಡ ರಿಬ್ಬನ್ನೆಂದರೆ ಸ್ಕೂಲಿಗೆ ಹೋಗುವಾಗ ಅಮ್ಮ ಎರಡು ಜಡೆಗೆ ಕಟ್ಟುತ್ತಿದ್ದ ಕೆಂಪು ಟೇಪು. ಇದರೊಳಗೆ ಕೂದಲಿನಂಥ ತಾಮ್ರದ ಗೆರೆಗಳು. ಸಾಕೆಟ್ಟಿಗೆ ಸಿಕ್ಕಿಸುವ ತುದಿಯಲ್ಲಿ ಆ ಗೆರೆಗಳು ಉಜ್ಜಿ ಉಜ್ಜಿ ಸವೆದುಹೋಗಿದ್ದವು.

ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಪ್ಯಾಂಟಿನ ಕಾಲಿನ ಅಂಚು ನೆಲಕ್ಕೆ ಉಜ್ಜಿ ಹರಿದಂತೆಯೇ ಕಂಡಿತು. ಅಂಚು ಸವೆದರೆ ನಾನು ಪ್ಯಾಂಟನ್ನು ಬಿಸಾಡುತ್ತೇನೆಯೇ? ಸವೆದಷ್ಟನ್ನು ಕತ್ತರಿಸಿ ಹೊಸ ಅಂಚು ಹೊಲಿಯುತ್ತೇನೆ. "ಇದರ ತುದಿ ಕತ್ತರಿಸಿದ್ರ ಏನಾಗ್ತದಪ?" ಎಂದು ಕೇಳಿದೆ. ಅವನು ತುದಿಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ, "ಆಗಬಹುದ್ರಿ. ಆದ್ರ ನಾ ಕೈ ಹಾಕಂಗಿಲ್ಲ. ತಪ್ಪಿದ್ರ ಅಲ್ಲಿಗೆ ಮುಗೀತು" ಎಂದ. ಸ್ಕ್ರೂಡ್ರೈವರ್ ಮಾತ್ರ ಎರವಲು ಕೊಟ್ಟ.

ಮನೆಯಲ್ಲಿ ನನ್ನ ಗಂಡ, "ರಿಮೋಟಿನ ಸೆಲ್ಲು ಉಲ್ಟಾ ಹಾಕ್ತಿ, ಇದ್ಯಾಕ ಬೇಕು ನಿನಗ?" ಎಂದರು. ಮಾತು ನಿಜವೇ. ಆದರೂ ಗುಜರಿಯಲ್ಲಿ ಸಿಕ್ಕ ಒಂದು ಕೆಟ್ಟ ಪ್ರಿಂಟರಿನಿಂದ ಅಂಥದೇ ಪಟ್ಟಿ ಕಿತ್ತು ಮೂರು ದಿನ ಅಭ್ಯಾಸ ಮಾಡಿದೆ. ಮೊದಲ ದಿನ ಸೊಟ್ಟಗೆ ಕತ್ತರಿಸಿದೆ. ಎರಡನೆಯ ದಿನ ಮೇಲಿನ ಪ್ಲಾಸ್ಟಿಕ್ ಪೊರೆ ಕೆರೆಯಲು ಹೋಗಿ ತಾಮ್ರವನ್ನೇ ಕೆರೆದು ತೆಗೆದೆ. ಮೂರನೆಯ ದಿನ ಉಸಿರು ಬಿಗಿಹಿಡಿದು, ಬ್ಲೇಡನ್ನು ಹತ್ತಿಯಿಂದ ಸವರಿದಷ್ಟು ಹಗುರವಾಗಿ ಆಡಿಸಿದೆ. ಪೊರೆ ಎದ್ದಿತು, ಗೆರೆಗಳು ಹೊಳೆದವು.

ಆಮೇಲೆ ಅಪ್ಪನ ಡಬ್ಬಿಯ ಪಟ್ಟಿಗೆ ಕೈ ಹಾಕಿದೆ. ಇಪ್ಪತ್ತೈದು ವರ್ಷ ಬಟ್ಟೆ ಕತ್ತರಿಸಿದವಳು ಆ ಅರ್ಧ ಉಗುರಿನಷ್ಟು ಪಟ್ಟಿಯನ್ನು ಮೂರು ಸಲ ಅಳೆದೆ. ಸ್ಕೇಲಿಟ್ಟು ಕತ್ತರಿಸಿದೆ, ಕೆರೆದೆ, ಸ್ಪಿರಿಟ್ಟಿನಲ್ಲಿ ಒರೆಸಿದೆ. ಸಾಕೆಟ್ಟಿನಲ್ಲಿ ಸಡಿಲವಾಯಿತು. ಹಿಂಬದಿಗೆ ದಪ್ಪ ಬೇಕು ಎಂದು ಹೊಸ ಶರ್ಟಿನ ಕಾಲರಿನೊಳಗೆ ಇಡುವ ಪ್ಲಾಸ್ಟಿಕ್ಕನ್ನು ಕತ್ತರಿಸಿ ಅಂಟಿಸಿದೆ. ಈಗ ಒಳಗೇ ಹೋಗಲೊಲ್ಲದು. ಅದನ್ನು ಕಿತ್ತು ತೆಳುವಾದ ಟೇಪು ಎರಡು ಪದರ ಹಚ್ಚಿದೆ. ಸರಿಯಾಗಿ ಕೂತಿತು. ಸ್ವಿಚ್ಚು ಹಾಕಿದೆ. ಹಾಡು ಬಂತು. ನನ್ನೆದೆ ಎರಡು ಸಲ ಹೊಡೆದುಕೊಳ್ಳುವಷ್ಟು ಹೊತ್ತಿನ ಮೇಲೆ ಚಿತ್ರವೂ ಬಂತು. ಎಲ್ಲ ಗೆರೆಗಳೂ ನೆಟ್ಟಗೆ. ಗಂಡ ಹಿಂದೆ ನಿಂತು ನೋಡಿ ಒಳಗೆ ಹೋದವರು ಚಹಾ ಮಾಡಿ ತಂದರು. ಮದುವೆಯಾದ ಮೇಲೆ ಅದು ಎರಡನೆಯ ಸಲ.

ಮಡಕಶಿರದಲ್ಲಿ ಅಪ್ಪ ಡಬ್ಬಿಯನ್ನು ಎಡಗೈಯಿಂದ ಇಸಿದುಕೊಂಡು ಬಲಗೈಗೆ ದಾಟಿಸಿದರು. "ಯಾರ್ ಮಾಡಿದ್ದು?" ಎಂದರು. "ನಾನೇ ಕಣಪ್ಪ" ಎಂದೆ. ನನ್ನ ಮುಖವನ್ನೊಮ್ಮೆ ನೋಡಿ ಆಟಕ್ಕಿಳಿದರು. ಹೆಬ್ಬೆರಳು ಮೊದಮೊದಲು ತಡವರಿಸಿತು. ಎರಡು ಆಟ ಸೋತರು. ಮೂರನೆಯದರಲ್ಲಿ ಸಾಲು ಮೇಲೆ ಸಾಲು ಕರಗಿಸತೊಡಗಿದರು. ಅತ್ತಿಗೆ ತಂದಿಟ್ಟ ಕಾಫಿ ಆರಿಹೋಯಿತು. ಆಗ ಪಕ್ಕದ ಮನೆಯ ಹಿರಿಯರು ಬಂದರು. ಅಪ್ಪ ಆಟದಿಂದ ಕಣ್ಣು ಕೀಳದೆ, "ಬೆಂಗಳೂರಾಗೂ ಆಗಕಿಲ್ಲ ಅಂದಿದ್ರಪ್ಪ. ನನ್ ಮಗಳು ಮಾಡವ್ಳೆ" ಎಂದರು. ಬೆಂಗಳೂರಿಗೆ ಅದನ್ನು ಯಾರೂ ಒಯ್ದಿರಲಿಲ್ಲ. ನಾನು ತಿದ್ದಲು ಹೋಗಲಿಲ್ಲ.

ಅಂದಿನಿಂದ ನಾನು ಸಿಕ್ಕವರಿಗೆಲ್ಲ ಈ ಕಥೆ ಹೇಳುತ್ತಿದ್ದೇನೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದ್ದೇನೆ, ಹಾಲಿನವನಿಗೆ ಹೇಳಿದ್ದೇನೆ. ಮೊನ್ನೆ ಎದುರುಮನೆಯಾಕೆ ಗಂಡನ ಪ್ಯಾಂಟಿಗೆ ಜಿಪ್ ಹಾಕಿಸಲು ಬಂದಾಗ ಮಿಷಿನ್ ತುಳಿಯುತ್ತಲೇ ಸವಿಸ್ತಾರವಾಗಿ ಹೇಳಿದೆ. ಕೂದಲಿನಂಥ ಗೆರೆ, ಸೂಕ್ಷ್ಮ ಕೈ, ಒಂದಿಷ್ಟೂ ತಪ್ಪುವಂತಿಲ್ಲ, ಎಲ್ಲ. ಆಕೆ ಬೆರಗಾಗಿ ಕೇಳಿ, ಪ್ಯಾಂಟು ಮಡಚಿಕೊಂಡು ಹೋದಳು. ಮರುದಿನ ಬೆಳಿಗ್ಗೆ ವಾಪಸ್ಸು ಬಂದಳು. ಮುಖದಲ್ಲಿ ನಗೆಯನ್ನು ಬಹಳ ಕಷ್ಟಪಟ್ಟು ತಡೆದಿದ್ದಳು.

"ಅಕ್ಕಾರ, ಕೆಲಸ ಬಾಳ ಚಲೋ ಆಗೇತ್ರಿ" ಎಂದಳು. "ಆದ್ರ ಜಿಪ್ಪು ಮ್ಯಾಲಿಂದ ಕೆಳಗ ಎಳದ್ರ ಮುಚ್ಚತೈತ್ರಿ."