ಕೊಂಡಪ್ಪನ ತಿಪ್ಪೆಗೆ ಬಂದ ಇಂಗ್ಲಿಷು

ಕ್ಯಾಸಂಬಳ್ಳಿ ಕಡೆಯ ಕೊಂಡಪ್ಪ ತಿಪ್ಪೆಗೆ ಸನಿಕೆ ಹಾಕುವುದಕ್ಕೂ ಬೇಲಿಯಾಚೆಯಿಂದ "ನಿಲ್ಲಿ, ನಿಲ್ಲಿ!" ಎಂದು ಕೂಗು ಬರುವುದಕ್ಕೂ ಸರಿಹೋಯಿತು. ಕೂಗಿದವಳು ಕಲ್ಪನ, ಹಳೇ ಕಾಲದ ಕಲ್ಲು, ಮಡಕೆಚೂರು ಹುಡುಕುತ್ತಾ ಊರೂರು ಅಲೆಯುವ ಸಂಶೋಧಕಿ. ತಿಪ್ಪೆಯ ಬುಡದಿಂದ ಚಿಟಿಕೆ ಬೂದಿ ತೆಗೆದು ಉಜ್ಜಿ ನೋಡಿ, "ಮಿಡನ್! ನಿಯೋಲಿಥಿಕ್ ಮಿಡನ್! ಸಾಯಂಕಾಲ ಬರ್ತೀನಿ, ಮುಟ್ಟಬೇಡಿ" ಎಂದವಳೇ ಸ್ಕೂಟರ್ ಹತ್ತಿದಳು.

ಕೊಂಡಪ್ಪ ಸನಿಕೆ ಊರಿಕೊಂಡು ಕೂತುಬಿಟ್ಟ. ರಾಗಿ ಹೊಲಕ್ಕೆ ಗೊಬ್ಬರ ಹೊಡೆಯಲು ಟ್ರ್ಯಾಕ್ಟರ್ ಸಿಕ್ಕಿದ್ದೇ ಇವತ್ತೊಂದು ದಿನ.

ಪಕ್ಕದ ಮನೆಯ ಮುನಿರಾಜ್ ಗೋಡೆ ಹಾರಿ ಬಂದ. "ಮೈನು ಅಂದ್ಲು ಕಣ್ಲಾ! ನಮ್ ತಾತ ನಂದಿದುರ್ಗದ ಚಿನ್ನದ ಮೈನಿಗೆ ಇಳಿದೋನು, ನಂಗೊತ್ತಿಲ್ವಾ? ತಿಪ್ಪೆ ಕೆಳಗೆ ಚಿನ್ನ ಐತೆ!"

"ಮಿಡನ್ನೋ ಏನೋ ಅಂದಂಗಿತ್ತು..."

"ಅದೇ ಮೈನು. ಓದಿರೋರು ಒಸಿ ತಿರುಚಿ ಏಳ್ತಾರೆ."

ಅನುಮಾನ ಬಗೆಹರಿಸಲು ನಿವೃತ್ತ ಇಂಗ್ಲಿಷ್ ಮೇಷ್ಟ್ರು ಗೋಪಿನಾಥ್ ಬಂದರು, ಕಂಕುಳಲ್ಲಿ ದಿಂಬಿನಷ್ಟು ದಪ್ಪದ ನಿಘಂಟು. "ಮಿಡನ್. ಹಳೇ ಪದ. ಕಡಲಾಚೆಯಿಂದ ಇಂಗ್ಲೆಂಡಿಗೆ ಬಂದದ್ದು. ಮೊದಲರ್ಧ ಸಗಣಿ, ಉಳಿದರ್ಧ ಗುಡ್ಡೆ. ಒಟ್ಟಿಗೆ ತಿಪ್ಪೆ. ನಿಯೋಲಿಥಿಕ್ ಅಂದರೆ ಹೊಸ ಕಲ್ಲಿನ ಕಾಲ, ನಾಲ್ಕು ಸಾವಿರ ವರ್ಷದ ಹಿಂದಿನದು."

"ಒಸದು ಅಂತೀರಾ, ನಾಲ್ಕು ಸಾವಿರ ವರ್ಸ ಅಂತೀರಾ! ತಿಪ್ಪೆ ನೋಡಕ್ಕೆ ಯಾರಾನಾ ಸ್ಕೂಟರಲ್ಲಿ ಬತ್ತಾರಾ? ಮೇಷ್ಟ್ರು ಪಾಲು ಒಡೆಯಕ್ಕೆ ನೋಡ್ತಾವ್ರೆ" ಎಂದ ಮುನಿರಾಜ್.

ಮೇಷ್ಟ್ರು ನಿಘಂಟು ಮುಚ್ಚಿ ಮನೆಗೆ ಹೋದರು. ಚಿನ್ನದ ಸುದ್ದಿ ಕೇಳಿದ ಊರು ಮಾತ್ರ ಮಂಕರಿ ಹೊತ್ತು ಬಂತು. "ಅದು ಬರೀ ಗೊಬ್ಬರ ಕಣ್ರಪ್ಪೋ!" ಎಂದು ಕೊಂಡಪ್ಪ ಅಂಗಲಾಚಿದಷ್ಟೂ ಅವರ ಅನುಮಾನ ಬಲವಾಯಿತು. ಬಕೆಟ್ಟಿನವರು, ಗೋಣಿಚೀಲದವರು, ಕೊನೆಗೆ ತೊಟ್ಟಿಲು ಹೊತ್ತು ಬಂದವರೂ ಇದ್ದರು. ಮಧ್ಯಾಹ್ನದ ಹೊತ್ತಿಗೆ ಬುಡದ ಬೂದಿ ಕಂಡಾಗಲೇ ಅವರು ಗೊಬ್ಬರ ಬಾಚಿ ಹೊರುವುದನ್ನು ಕೈಬಿಟ್ಟದ್ದು. ಮನೆಯಲ್ಲಿ ಜರಡಿ ಹಿಡಿದರೂ ಚಿನ್ನ ಸಿಗದವರು ಗೊಬ್ಬರವನ್ನೇನೂ ವಾಪಸು ತರಲಿಲ್ಲ. ತಮ್ಮ ತಮ್ಮ ಟೊಮೆಟೊ ಸಾಲಿಗೆ ಸುರಿದುಕೊಂಡರು. ಟ್ರ್ಯಾಕ್ಟರ್ ಖಾಲಿಯಾಗಿ ಬೇತಮಂಗಲಕ್ಕೆ ಹೊರಟುಹೋಯಿತು.

ಸಂಜೆ ಸ್ಕೂಟರಿನ ಸದ್ದಿಗೆ ಕೊಂಡಪ್ಪ ಬೈಗುಳ ತಿನ್ನಲು ತಲೆ ತಗ್ಗಿಸಿ ನಿಂತ. ಕಲ್ಪನ ಕೈಮುಗಿದಳು.

"ಮೇಲಿನ ಗೊಬ್ಬರವನ್ನೆಲ್ಲ ನೀವೇ ತೆಗೆಸಿಬಿಟ್ಟಿದ್ದೀರಾ! ಎಷ್ಟು ಉಪಕಾರ! ನೋಡಿ, ಈ ಬೂದಿ ಪದರ. ನಾಲ್ಕು ಸಾವಿರ ವರ್ಷದ ಹಿಂದಿನ ದನಗಾಹಿಗಳೂ ಇದೇ ಜಾಗದಲ್ಲಿ ಸಗಣಿ ಗುಡ್ಡೆ ಹಾಕಿ ಸುಡ್ತಿದ್ದರು."

"ಅಂಗಾರೆ ನಾಳೆ ಸಗಣಿ..."

"ಅಯ್ಯೋ, ಇನ್ನುಮುಂದೆ ಇಲ್ಲಿ ಒಂದು ಹಿಡಿಯೂ ಹಾಕಬಾರದು!" ಎನ್ನುತ್ತಾ ಅವಳು ಸುತ್ತಲೂ ಹಗ್ಗ ಕಟ್ಟತೊಡಗಿದಳು.

ಕೊಂಡಪ್ಪ ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡ. ಹಿಡಿಯಲು ಬೇರೆ ಯಾರೂ ಇರಲಿಲ್ಲ. "ನಾಲ್ಕು ಸಾವಿರ ವರ್ಸ ಯಾರೂ ಬ್ಯಾಡ ಅನ್ನಲಿಲ್ಲ ತಾಯಿ," ಎಂದು ನಿಟ್ಟುಸಿರುಬಿಟ್ಟ, "ನನ್ನ ಕಾಲಕ್ಕೇ ಬ್ಯಾಡ ಅನ್ನೋರು ಬರಬೇಕಾಗಿತ್ತಾ?"